ಉಳವಿಯ ದಾರಿಯಲ್ಲಿ ನಮ್ಮ ಹಳೆಯ ವ್ಯಾನು

ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಹೂಡಿಕೊಂಡು ಉಳವಿಗೆ ಹೋಗುವ ರೂಢಿ ಇಂದಿಗೂ ನಿಂತಿಲ್ಲ. ಕಲ್ಯಾಣ ಕ್ರಾಂತಿಯ ತರುವಾಯ ಶರಣರೊಡನೆ ಬಂದ ಚನ್ನಬಸವಣ್ಣನವರು ಲಿಂಗೈಕ್ಯರಾದ ಕ್ಷೇತ್ರವದು. ನಮ್ಮ ತಾಯಿಯವರು ಬಾಲ್ಯದಲ್ಲಿ ಚಕ್ಕಡಿಯಲ್ಲಿಯೇ ಹೋಗಿ ಬಂದವರು. ಎಂಬತ್ತು ದಾಟಿದ ಮೇಲೆ ಮತ್ತೊಮ್ಮೆ ದರ್ಶನವಾಗಬೇಕೆಂದರು. ಈಗ ಚಕ್ಕಡಿಯ ಕುಲುಕಾಟ ಅವರಿಗಾಗದು, ಬಸ್ಸಿನ ನೂಕುನುಗ್ಗಲೂ ಆಗದು. ಆದುದರಿಂದ 2024ರ ಜಾತ್ರೆಗೆ ನಾವು ನಮ್ಮ ಹಳೆಯ ಪೆಟ್ರೋಲ್ ವ್ಯಾನನ್ನೇ ಸಜ್ಜುಗೊಳಿಸಿದೆವು. ಹಿಂದಿನ ಸೀಟು ತೆಗೆದು ಹಲಗೆಯ ಮಂಚ, ಅದರಡಿ ರೊಟ್ಟಿಯ ಬುಟ್ಟಿ, ನೀರಿನ ಕ್ಯಾನು, ಚಿಕ್ಕ ಗ್ಯಾಸ್ ಒಲೆ. ಎಂಜಿನ್ನು ಮುಂದಿನ ಸೀಟಿನ ಕೆಳಗೆ. ಅದು ಕಾರ್ಬ್ಯುರೇಟರ್ ಕಾಲದ್ದು.

ಹೊರಡುವ ಮೊದಲೇ ಅದರ ಐಡ್ಲಿಂಗ್ ಕೆಟ್ಟಿತ್ತು. ಆಕ್ಸಿಲರೇಟರ್ ತುಳಿಯದೆ ನಿಂತಾಗ ಇಂಥ ಎಂಜಿನ್ನು ನಿಮಿಷಕ್ಕೆ ಸುಮಾರು 800-900 ಸುತ್ತು ಒಂದೇ ಲಯದಲ್ಲಿ ತಿರುಗಬೇಕು. ನಮ್ಮದು ಒಮ್ಮೆ ಏರುತ್ತಿತ್ತು, ಒಮ್ಮೆ ಬಿಕ್ಕಳಿಸಿ ಆರಿಹೋಗುತ್ತಿತ್ತು. ಮೆಕ್ಯಾನಿಕರೊಬ್ಬರು ಸ್ಕ್ರೂ ತಿರುಗಿಸಿ ವೇಗವನ್ನೇ ಏರಿಸಿಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಆರುವುದು ನಿಂತಿತು, ರೋಗ ಉಳಿಯಿತು.

ಹಳಿಯಾಳ ದಾಟಿ ಚಕ್ಕಡಿಗಳ ಸಾಲು ಸಿಕ್ಕಾಗ ಅದರ ಫಲ ಕಂಡಿತು. ಎತ್ತಿನ ಹೆಜ್ಜೆಗೆ ಸರಿಯಾಗಿ ಸಾಗಬೇಕಾದಲ್ಲಿ, ಕ್ಲಚ್ ಬಿಟ್ಟೊಡನೆ ವ್ಯಾನು ತಾನೇ ಮುನ್ನುಗ್ಗುತ್ತಿತ್ತು. ಬ್ರೇಕೂ ಗಡುಸಾಗಿತ್ತು. ಮುಂದಿನ ಚಕ್ಕಡಿಯ ಹಿಂಬದಿಯಲ್ಲಿ ಎರಡು ಎಳೆಯ ಮಕ್ಕಳು ಕಾಲು ಇಳಿಬಿಟ್ಟು ಕುಳಿತಿದ್ದವು. ನಮಗೆ ಬೆವರಿಳಿಯಿತು.

ಆಗ ಪಕ್ಕದಲ್ಲಿದ್ದ ತಾಯಿಯವರು, "ತಮ್ಮಾ, ಸೀಟಿನ ಬುಡಕ ಏನೋ ಬುಸ್ ಅಂತೈತಲ್ಲೋ, ಕೇಳಸಂಗಿಲ್ಲೇನು?" ಎಂದರು.

ಮರದ ನೆರಳಿಗೆ ಗಾಡಿ ತಂದು, ತಾಯಿಯವರನ್ನು ಇಳಿಸಿ, ಗ್ಯಾಸಿನ ಸಿಲಿಂಡರ್ ಮುಚ್ಚಿ ದೂರವಿಟ್ಟು, ಸೀಟು ಎತ್ತಿದೆವು. ಚೋಕ್ ಪೂರ್ತಿ ತೆರೆದಿತ್ತು. ಪ್ಲಗ್ಗಿನ ವೈರುಗಳು ಬಿಗಿಯಾಗಿದ್ದವು. ಕಾರ್ಬ್ಯುರೇಟರ್ ಬುಡದ ನಟ್ಟುಗಳೂ ಸಡಿಲವಿರಲಿಲ್ಲ. ಐಡಲ್ ಜೆಟ್ಟಿನಲ್ಲಿ ಕಸ ಸಿಕ್ಕರೂ ಎಂಜಿನ್ನು ಹೀಗೆಯೇ ಆಡುವುದುಂಟು. ಆದರೆ ಅದು ಬುಸುಗುಟ್ಟುವುದಿಲ್ಲ. ಬುಸುಗುಟ್ಟಿದರೆ ಎಲ್ಲಿಯೋ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆಯೆಂದೇ ತಿಳಿಯಬೇಕು. ಆ ಗಾಳಿ ಲೆಕ್ಕಕ್ಕೆ ಹೊರತಾದುದು. ಪೆಟ್ರೋಲಿನ ಪ್ರಮಾಣ ಅದಕ್ಕೆ ಸಾಲದು, ಲಯ ತಪ್ಪುತ್ತದೆ.

ಎಂಜಿನ್ನು ಓಡುತ್ತಿರುವಾಗಲೇ, ಬೆಲ್ಟಿನಿಂದ ಕೈ ದೂರವಿಟ್ಟು, ರಬ್ಬರ್ ಕೊಳವೆಗಳನ್ನು ಒಂದೊಂದಾಗಿ ಹಿಚುಕಿ ನೋಡಿದೆವು. ಎಂಜಿನ್ನಿನಿಂದ ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಕೊಳವೆಯನ್ನು ಹಿಚುಕಿದೊಡನೆ ಸದ್ದು ಒಂದೇ ಸಮವಾಯಿತು. ಬೂಸ್ಟರಿನ ಕಡೆಯ ತುದಿಗೆ ನಾಲ್ಕು ಹನಿ ನೀರು ಬಿಟ್ಟೆವು. ಸರಕ್ಕನೆ ಒಳಗೆ ಹೀರಿತು, ಬುಸುಗುಟ್ಟುವುದು ಕ್ಷಣಕಾಲ ನಿಂತಿತು. ಕೆಲವರು ನೀರಿನ ಬದಲು ಪೆಟ್ರೋಲ್ ಸಿಂಪಡಿಸುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಅಂಥ ಸಾಹಸ ಬೇಡವೇ ಬೇಡ. ವಯಸ್ಸಾದ ರಬ್ಬರು ಕ್ಲಿಪ್ಪಿನಡಿ ಸೀಳಿತ್ತು. ಬ್ರೇಕು ಗಡುಸಾದುದಕ್ಕೂ ಅದೇ ಮೂಲ. ಇಷ್ಟು ದಿನ ನಾವು ಐಡ್ಲಿಂಗಿನ ದೋಷವೆಂದು ಸಣ್ಣದಾಗಿ ಎಣಿಸಿದ್ದುದು ಬ್ರೇಕಿನ ದೋಷವಾಗಿತ್ತು!

ಎಂಜಿನ್ನು ಆರಿಸಿ, ಸೀಳಿದ ತುದಿಯನ್ನು ಕತ್ತರಿಸಿ, ಉಳಿದುದನ್ನು ಎಳೆದು ಕ್ಲಿಪ್ ಬಿಗಿದೆವು. ಏರಿಸಿದ್ದ ಸ್ಕ್ರೂವನ್ನು ಮತ್ತೆ ಇಳಿಸಿದೆವು. ಸಮತಟ್ಟಿನಲ್ಲಿ ಬ್ರೇಕನ್ನು ಹತ್ತು ಸಲ ಪರೀಕ್ಷಿಸಿ, ನಿಧಾನವಾಗಿ ದಾಂಡೇಲಿ ತಲುಪಿ ಹೊಸ ಕೊಳವೆ ಹಾಕಿಸಿದೆವು. ಅಲ್ಲಿ ಕೊಟ್ಟ ನೀರಿನ ಪೈಪನ್ನು ನಾವು ಒಪ್ಪಲಿಲ್ಲ. ಒಳಗಿನ ಸೆಳೆತಕ್ಕೆ ಅದು ಚಪ್ಪಟೆಯಾಗಿಬಿಡುತ್ತದೆ. ಬೂಸ್ಟರಿನದೇ ಕೊಳವೆಗಾಗಿ ಒಂದು ತಾಸು ಕಾದೆವು.

ಗಣೇಶಗುಡಿ, ಜೋಯಿಡಾ ಕಳೆದು ಕಾಡಿನ ತಿರುವುಗಳಲ್ಲಿ ಇಳಿಯುವಾಗ ಆ ಒಂದು ತಾಸಿನ ಬೆಲೆ ತಿಳಿಯಿತು. ರಾತ್ರಿ ಉಳವಿಯಲ್ಲಿ ವ್ಯಾನಿನೊಳಗೇ ಮಲಗಿದೆವು. ಚಳಿಯೆಂದು ಎಂಜಿನ್ನು ಹಚ್ಚಲಿಲ್ಲ, ಒಲೆಯನ್ನೂ ಹೊತ್ತಿಸಲಿಲ್ಲ. ಮುಚ್ಚಿದ ಗಾಡಿಯಲ್ಲಿ ಹೊಗೆಯ ವಿಷಕ್ಕೆ ವಾಸನೆಯಿಲ್ಲ. ಬೆಳಿಗ್ಗೆ ಲಿಂಗಪೂಜೆ ತೀರಿಸಿ, ತಾಯಿಯವರ ಕೈಹಿಡಿದು ಗದ್ದುಗೆಯ ದರ್ಶನ ಮಾಡಿಸಿ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿದೆವು.

ಮರಳುವಾಗ ಮತ್ತೆ ಚಕ್ಕಡಿಗಳ ಹಿಂದೆಯೇ ಸಿಕ್ಕಿಕೊಂಡೆವು. ಎರಡು ಮೈಲಿ ಎತ್ತಿನ ನಡಿಗೆ. ಎಂಜಿನ್ನು ನುಗ್ಗಲಿಲ್ಲ, ಆರಲಿಲ್ಲ. ತಾಯಿಯವರು ಹಿಂದಿನ ಮಂಚದ ಮೇಲೆ ನಿದ್ದೆ ಹೋಗಿದ್ದರು.