ಅಮ್ಮನ ಡೈರಿಯ ಲೆಕ್ಕ

ನಮ್ಮಮ್ಮನಿಗೆ ಸಾಲವೆಂದರೆ ಹಾವು ಕಂಡಂತಾಗುತ್ತಿತ್ತು. ತಿಂಗಳ ಕೊನೆಯ ರಾತ್ರಿ ಹಳೆಯ ಡೈರಿ ಹಿಡಿದು ಕೂತು, ಹಾಲು, ಸೊಪ್ಪು, ಸ್ಕೂಲ್ ಫೀಜು ಎಂದು ಬರೆದು ಕೂಡಿಸಿ, ಅಪ್ಪನ ಸಂಬಳಕ್ಕೆ ಲೆಕ್ಕ ಸರಿಹೋದ ಮೇಲೆಯೇ ಅವಳಿಗೆ ನಿದ್ದೆ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂಬುದೇ ಅವಳ ಅರ್ಥಶಾಸ್ತ್ರ.

ಸರ್ಕಾರವೂ ಹೀಗೇ ನಡೆಯುತ್ತದೆಂದು ನಾನು ನಂಬಿದ್ದೆ. ಆದರೆ 1947ರ ನವೆಂಬರಿನಲ್ಲಿ ಷಣ್ಮುಖಂ ಚೆಟ್ಟಿಯವರು ಮಂಡಿಸಿದ ಸ್ವತಂತ್ರ ಭಾರತದ ಮೊದಲ ಬಜೆಟ್ಟೇ ಕೊರತೆಯದು: ವರಮಾನ ಸುಮಾರು 171 ಕೋಟಿ, ವೆಚ್ಚ 197 ಕೋಟಿ. 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ, ಸುಮಾರು 47 ಟನ್ ಚಿನ್ನ ಇಂಗ್ಲೆಂಡಿಗೆ ಅಡವಿಗೆ ಹೋಯಿತು. ಬಳೆ ಅಡವಿಟ್ಟು ಬಂದ ದಿನದ ಸಂಕಟ ಬಲ್ಲ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಶಿಸ್ತಿನ ಕಾಯ್ದೆಗಳು ಬಂದವು. ರಾಜ್ಯಗಳಲ್ಲಿ ಮೊದಲು ಮಾಡಿದ್ದು ನಮ್ಮ ಕರ್ನಾಟಕವೇ, 2002ರಲ್ಲಿ. ಅದರಲ್ಲಿ ಸಾಲವೇ ಕೂಡದು ಎಂದಿಲ್ಲ. ಸಂಬಳ, ಪಿಂಚಣಿ, ಬಡ್ಡಿಯಂಥ ದಿನದ ಖರ್ಚು ವರಮಾನದಲ್ಲೇ ತೀರಬೇಕು. ವರ್ಷದ ಒಟ್ಟು ಕೊರತೆ ರಾಜ್ಯದ ಉತ್ಪನ್ನದ ಶೇ. 3ನ್ನು ಮೀರಬಾರದು. ಅಂದರೆ, ಅಕ್ಕಿಗೆ ಸಾಲ ಬೇಡ, ಬಾವಿಗಾದರೆ ಮಿತಿಯಲ್ಲಿ ಮಾಡು. ಕೊರೋನಾ ಬಂದ 2020ರಲ್ಲಿ ಆ ಮಿತಿಯನ್ನೂ ಶೇ. 5ಕ್ಕೆ ಏರಿಸಬೇಕಾಯಿತು. ಅಮ್ಮನ ಕಾಲದ 'ಸರಿದೂಗಿಸುವುದು' ಎಂಬ ಮಾತಿನ ಅರ್ಥವೇ ಎಷ್ಟು ಬದಲಾಗಿದೆ!

ಅಕ್ಕಿ ಯಾವುದು, ಬಾವಿ ಯಾವುದು ಎಂಬುದೂ ಸುಲಭದ ಪ್ರಶ್ನೆಯಲ್ಲ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ಸರ್ಕಾರದ ಪುಸ್ತಕದಲ್ಲಿ ದಿನದ ಖರ್ಚು. ಆ ದುಡ್ಡಿನಲ್ಲಿ ಮಗಳನ್ನು ಟ್ಯೂಷನ್ನಿಗೆ ಕಳಿಸುವ ತಾಯಿಯ ಲೆಕ್ಕದಲ್ಲಿ ಅದು ಬಾವಿ.

ಅಮ್ಮನ ಡೈರಿ ನನ್ನ ಹತ್ತಿರವೇ ಇದೆ. ನಾನು ಪಿಯುಸಿ ಮುಗಿಸಿದ ವರ್ಷದ ಜೂನ್ ಪುಟದಲ್ಲಿ ಅಣ್ಣನ ಕಾಲೇಜಿನ ಫೀಜಿದೆ, ನನ್ನದಿಲ್ಲ. ಕೆಳಗೆ ಲೆಕ್ಕ ಒಂದು ಪೈಸೆ ಹೆಚ್ಚುಕಡಿಮೆಯಿಲ್ಲದೆ ಕೂಡಿದೆ. ಆ ವರ್ಷ ಅವಳ ಉಳಿತಾಯವೆಂದರೆ ನಾನೇ. ಅವಳನ್ನು ದೂರಲಾರೆ; ಅವಳ ಹಲ್ಲುನೋವಿನ ಔಷಧವೂ ಆ ಪುಟದಲ್ಲಿಲ್ಲ.

ನನ್ನ ಮಗಳ ಓದಿಗೆ ನಾನು ಬ್ಯಾಂಕಿನಲ್ಲಿ ಸಾಲ ಮಾಡಿದೆ. "ಇದ್ಯಾಕೆ ಮೈಮೇಲೆ ಎಳಕೊಂಡೆಯೇ?" ಎಂದು ಅಮ್ಮ ಬೈದಳು. ಕೊನೆಯ ಕಂತು ಕಟ್ಟಿ ಬಂದ ದಿನ ಮಾತ್ರ ನನ್ನ ಕೈ ಹಿಡಿದು, "ನನಗೆ ಆಗ ಈ ಧೈರ್ಯ ಬರಲಿಲ್ಲ ಕಣೇ" ಅಂದಳು.

ಬಜೆಟ್ಟಿನ ದಿನ ಎಲ್ಲರೂ ಕೊರತೆ ಎಷ್ಟೆಂದು ಕೇಳುತ್ತಾರೆ. ನಾನು ಮಾತ್ರ, ಪುಟದಲ್ಲಿ ಬರೆಯದೆ ಬಿಟ್ಟ ಹೆಸರು ಯಾರದೆಂದು ಹುಡುಕುತ್ತೇನೆ.