ಕೊನೆಯ ತರಗತಿಗೆ ಹೊರಟವಳು

ಉಡುಪಿಯಲ್ಲಿ ರಜೆಯನ್ನು ಕಳೆದು ನಿನ್ನೆಯಷ್ಟೇ ದುಬೈಗೆ ಮರಳಿದ ಮಗಳು, ಅಜ್ಜಿ ಕಟ್ಟಿಕೊಟ್ಟ ಹಲಸಿನ ಹಪ್ಪಳವನ್ನು ಇನ್ನೂ ಪೆಟ್ಟಿಗೆಯಿಂದ ತೆಗೆಯದೆಯೇ, ಇಂದು ಪ್ರಾತಃಕಾಲದಲ್ಲಿ ಹನ್ನೆರಡನೆಯ ತರಗತಿಗೆಂದು ಶಾಲೆಯ ಬಸ್ಸನ್ನೇರಿದಳು. ಇಲ್ಲಿಯ ಸಿಬಿಎಸ್‌ಇ ಶಾಲೆಗಳಲ್ಲಿ ವರ್ಷಾರಂಭವಾಗುವುದು ಏಪ್ರಿಲಿನಲ್ಲಿಯೇ ಆದರೂ, ಜುಲೈ-ಆಗಸ್ಟ್ ತಿಂಗಳುಗಳ ಉರಿಬಿಸಿಲಿನ ರಜೆ ಮುಗಿದು ಮಕ್ಕಳು ಹಿಂದಿರುಗುವವರೆಗೆ ಅದನ್ನು ಅಂತಿಮ ವರ್ಷವೆಂದು ಯಾರೂ ಮನಃಪೂರ್ವಕವಾಗಿ ಒಪ್ಪುವುದಿಲ್ಲ; ಫೆಬ್ರವರಿಯ ಬೋರ್ಡ್ ಪರೀಕ್ಷೆ ಕಣ್ಣಿಗೆ ಬೀಳುವುದೇ ಈಗ. ನನಗಾದರೋ ಪರೀಕ್ಷೆಗಿಂತ ಮಿಗಿಲಾಗಿ ತೋರುವ ವಿಚಾರವೊಂದುಂಟು: ಇಲ್ಲಿಯೇ ಬೆಳೆದ ಮಕ್ಕಳಲ್ಲಿ ಅನೇಕರು ಮುಂದಿನ ವಿದ್ಯಾಭ್ಯಾಸಕ್ಕೆ ಮಣಿಪಾಲಕ್ಕೋ ಮಂಗಳೂರಿಗೋ ತೆರಳುವುದರಿಂದ, ಅವರ ಪಾಲಿಗೆ ಪರದೇಶವಾಗಲಿರುವುದು ನಾವು ಊರೆಂದು ಹಂಬಲಿಸುವ ನೆಲವೇ. ಕೊಲ್ಲಿಯಲ್ಲಿ ಮಕ್ಕಳನ್ನು ಬೆಳೆಸಿದ ಮಿತ್ರರೇ, ನಿಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ?