ಹಲ್ಲು ನೋಡದೆ ಕೊಳ್ಳುವ ಕಾರು



ಚಿಕ್ಕರಸಿನಕೆರೆ ಹೋಬಳಿಯ ಹಳ್ಳಿಗಳಿಗೆ ಇತ್ತೀಚಿನ ವರ್ಷಗಳಲ್ಲಿ ದಯಮಾಡಿಸಿದಾಗಲೆಲ್ಲ ನಾವು ಒಂದು ಬದಲಾವಣೆಯನ್ನು ಗಮನಿಸುತ್ತ ಬಂದಿದ್ದೇವೆ. ಹಿಂದೆ ಎತ್ತಿನ ಕೊಟ್ಟಿಗೆಯಿದ್ದ ಜಾಗದಲ್ಲಿ ತಗಡಿನ ಚಪ್ಪರವೊಂದು ಎದ್ದಿರುತ್ತದೆ. ಅದರ ನೆರಳಿನಲ್ಲಿ ಹತ್ತು ಹದಿನೈದು ವರ್ಷ ಪ್ರಾಯದ ಕಾರೊಂದು ನಿಂತಿರುತ್ತದೆ. ಅದನ್ನು ಆರಿಸಿ ತಂದವನು ಮನೆಯ ಯಜಮಾನನಲ್ಲ, ಇಪ್ಪತ್ತು ಇಪ್ಪತ್ತೆರಡರ ಮಗ. ಹಣ ಮಾತ್ರ ಬಹುಮಟ್ಟಿಗೆ ಯಜಮಾನನದೇ, ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿ, ತಿಂಗಳುಗಟ್ಟಲೆ ಕಾದು ಪಡೆದದ್ದು.

ಇದನ್ನು ಶೋಕಿ ಎಂದು ಹಳಿಯುವ ಹಿರಿಯರುಂಟು. ನಾವು ಹಾಗೆ ಹೇಳಲಾರೆವು. ಸಂಜೆಯ ಕೊನೆಯ ಬಸ್ಸು ಹೋದ ಮೇಲೆ ಹಳ್ಳಿಯಲ್ಲಿ ಒಬ್ಬ ತಾಯಿಗೆ ಎದೆನೋವು ಬಂದರೆ ಮಂಡ್ಯದ ದೊಡ್ಡಾಸ್ಪತ್ರೆ ಎಷ್ಟು ದೂರವೆಂಬುದು ಆ ಮನೆಯವರಿಗಷ್ಟೇ ಗೊತ್ತು. ಹೊಸ ಕಾರಿನ ಬೆಲೆ ನಾಲ್ಕು ಐದು ಲಕ್ಷದ ಮೇಲಿರುವಾಗ ಒಂದೂವರೆ ಲಕ್ಷದ ಹಳೆಯ ಕಾರಿನ ಮೇಲೆ ಬಡವನ ಕಣ್ಣು ಬೀಳುವುದು ಸಹಜ. ನಮ್ಮ ಚಿಂತೆ ಕೊಳ್ಳುವುದರ ಬಗೆಗಲ್ಲ, ಕೊಳ್ಳುವ ಬಗೆಯ ಕುರಿತು.

ಕಳೆದ ವರ್ಷ ಆ ಹೋಬಳಿಯ ಭಕ್ತರೊಬ್ಬರು ಮಗನೊಡನೆ ಶ್ರೀಮಠಕ್ಕೆ ಬಂದಿದ್ದರು. ಬೆಂಗಳೂರಿನಲ್ಲಿ 2011ನೆಯ ಇಸವಿಯ ಕಾರೊಂದನ್ನು ಒಂದು ಲಕ್ಷ ಅರವತ್ತು ಸಾವಿರಕ್ಕೆ ಮಾತನಾಡಿ, ಹತ್ತು ಸಾವಿರ ಮುಂಗಡವನ್ನೂ ಕೊಟ್ಟು ಬಂದಿದ್ದರು. "ಬುದ್ಧಿ, ತರುವುದಕ್ಕೆ ಒಂದು ಒಳ್ಳೆಯ ದಿನ ನೋಡಿ ಅಪ್ಪಣೆ ಕೊಡಿಸಬೇಕು" ಎಂದರು ತಂದೆ.

"ಹಲ್ಲು ನೋಡಿದೆಯೇನಪ್ಪಾ?" ಎಂದೆವು.

"ಯಾವುದರ ಹಲ್ಲು ಬುದ್ಧಿ?"

"ಕಾರಿನದು."

ಅವರು ನಕ್ಕರು. ಆದರೆ ನಮ್ಮ ಪ್ರಶ್ನೆಯಲ್ಲಿ ಹಾಸ್ಯವಿರಲಿಲ್ಲ. ಈ ಹಿರಿಯರು ಹಳ್ಳಿಕಾರ್ ಎತ್ತುಗಳ ಪರೀಕ್ಷೆಯಲ್ಲಿ ಪಳಗಿದವರು. ಹೇಮಗಿರಿಯ ದನಗಳ ಜಾತ್ರೆಗೆ ಹೋದರೆ ಎರಡು ದಿನ ಬರಿಗೈಯಲ್ಲಿ ಸುತ್ತುವರೇ ಹೊರತು ಅವಸರಪಡುವವರಲ್ಲ. ಬಾಯಿ ಬಿಡಿಸಿ ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ನೋಡುತ್ತಾರೆ. ಸುಳಿ ನೋಡುತ್ತಾರೆ. ಗೊರಸು ಎತ್ತಿ ನೋಡುತ್ತಾರೆ. ಹೆಗಲಿನ ಮೇಲೆ ಕೈಯಾಡಿಸಿ ಹಳೆಯ ಗಾಯದ ಗಂಟನ್ನು ಹುಡುಕುತ್ತಾರೆ. ನಡೆಸಿ ನೋಡಿ, ಮಾರುವವನ ಊರು ಮನೆತನ ವಿಚಾರಿಸಿ, ಆಮೇಲೆ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆಗೆ ಇಳಿಯುತ್ತಾರೆ. ಕಾರಿಗೆ ಎತ್ತಿನಷ್ಟೇ ಹಣ ಸುರಿಯುವ ಇದೇ ಮನುಷ್ಯರು ಅದರ ಬಣ್ಣ ನೋಡಿದರು, ಹಾಡು ಕೇಳುವ ಪೆಟ್ಟಿಗೆ ನೋಡಿದರು, ಮುಂಗಡ ಕೊಟ್ಟು ಬಂದರು. ಕಾರು ಓದಿದವರ ವಸ್ತು, ಅದರ ವಿಷಯ ಮಗನಿಗೆ ತಿಳಿದಿರುತ್ತದೆಂದು ತಂದೆಯ ಭಾವನೆ. ಬೆಲೆ ಮಾತನಾಡುವುದು ತಂದೆಗೆ ತಿಳಿದಿರುತ್ತದೆಂದು ಮಗನ ಭಾವನೆ. ಇಬ್ಬರ ನಡುವೆ ಪರೀಕ್ಷೆಯೆಂಬುದು ಯಾರ ಪಾಲಿಗೂ ಬಂದಿರಲಿಲ್ಲ.

ಕಾರಿಗೂ ಹಲ್ಲುಂಟು. ಶ್ರೀಮಠದ ಅಂಬಾಸಿಡರನ್ನು ಬಹುಕಾಲ ನಡೆಸಿದ ಚಾಲಕರೊಬ್ಬರ ಪಕ್ಕದಲ್ಲಿ ಕುಳಿತು ನಾವು ಕೇಳಿ ತಿಳಿದ ಸಂಗತಿಗಳಿವು. ವಿಶ್ವವಿದ್ಯಾಲಯದಲ್ಲಿ ಯಾರೂ ನಮಗೆ ಕಲಿಸಿದ್ದಲ್ಲ. ಇಂಜಿನ್ನು ತಣ್ಣಗಿರುವಾಗಲೇ ಹೋಗಿ ನೋಡಬೇಕು ಎನ್ನುತ್ತಿದ್ದರು ಅವರು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿಡುತ್ತಿರಬಹುದು. ಹೊಗೆ ನೀಲಿಯಾದರೆ ಇಂಜಿನ್ನು ಎಣ್ಣೆಯನ್ನು ಸುಡುತ್ತಿದೆ. ಬಿಳಿಯ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ತಂಪುಗೊಳಿಸುವ ನೀರು ಒಳಗೆ ಸೋರುತ್ತಿರಬಹುದು. ಕಪ್ಪಾದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳೇ ಅದರ ಜಾತಕ: 1816 ಎಂದಿದ್ದರೆ 2016ನೆಯ ಇಸವಿಯ ಹದಿನೆಂಟನೆಯ ವಾರದಲ್ಲಿ ತಯಾರಾದದ್ದು. ಗೀರುಗಳು ಎಷ್ಟೇ ಆಳವಾಗಿ ಕಂಡರೂ ಅಷ್ಟು ಹಳೆಯ ರಬ್ಬರು ನಂಬಿಕೆಗೆ ಅರ್ಹವಲ್ಲ. ಮೀಟರು ನಲವತ್ತು ಸಾವಿರ ಕಿಲೋಮೀಟರು ತೋರಿಸುತ್ತಿರುವಾಗ ಬ್ರೇಕ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ, ಎರಡರಲ್ಲಿ ಸುಳ್ಳು ಹೇಳುವುದು ಪೆಡಲಲ್ಲ.

ನೀರಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಹೊಳೆಯಾಗಿ ವಾಹನಗಳು ಮುಳುಗಿದ್ದನ್ನು ಈ ಭಾಗದವರು ಮರೆತಿರಲಾರರು. ಮರುತಿಂಗಳು ಬೆಂಗಳೂರಿನ ಬಡಾವಣೆಗಳಲ್ಲಿ ಮನೆಯ ಮುಂದೆ ನಿಂತಿದ್ದ ಕಾರುಗಳು ನೀರಿನಲ್ಲಿ ನಿಂತವು. ಅಂತಹ ಕಾರು ತೊಳೆದು, ಬಣ್ಣ ಬಳಿದು, ಸುಗಂಧ ಚಿಮುಕಿಸಿದರೆ ಮದುವಣಗಿತ್ತಿಯಂತೆ ಕಾಣುತ್ತದೆ. ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದರೆ ತುದಿಯಲ್ಲಿ ಕೆಸರಿನ ಗೆರೆ ಇರುತ್ತದೆ. ಕಾಲಿನ ಕೆಳಗಿನ ಹಾಸು ಎತ್ತಿದರೆ ಮುಗ್ಗಲು ವಾಸನೆ ಬರುತ್ತದೆ. ಒಕ್ಕಲಿನ ಮನುಷ್ಯನಿಗೆ ಕೆಸರಿನ ವಾಸನೆಯನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ಕಾಗದಪತ್ರಗಳು. ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸವಪ್ಪನೆದುರು ನಿಂತು ಸತ್ಯ ಕೇಳುವ ರೂಢಿ ದೂರದ ಊರುಗಳವರೆಗೂ ಪ್ರಸಿದ್ಧವಾಗಿದೆ. ಕಾರಿನ ಸತ್ಯವನ್ನಾದರೋ ಅದರ ಆರ್.ಸಿ.ಯನ್ನೇ ಕೇಳಬೇಕು. ಅದರಲ್ಲಿರುವ ಚಾಸಿ ನಂಬರು ಕಾರಿನ ಮೇಲೆ ಕೆತ್ತಿದ ನಂಬರಿಗೆ ಹೊಂದುತ್ತದೆಯೇ, ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ, ಹದಿನೈದು ವರ್ಷದ ನೋಂದಣಿ ಎಂದಿಗೆ ಮುಗಿಯುತ್ತದೆ, ಇವನ್ನು ನೋಡಬೇಕು. ಹದಿನೈದು ತುಂಬಿದ ಕಾರಿನ ಮರುನೋಂದಣಿಗೆ ಹಿಂದೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000ಕ್ಕೆ ಏರಿತು. ಕಾರು ಅದಕ್ಕೆ ಮುನ್ನ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಈ ಹುಡುಗ ಮಾತನಾಡಿದ್ದ ಕಾರಿಗೆ ಆ ಗಡುವು ಕಣ್ಣೆದುರಿಗೇ ಇತ್ತು. ಬೆಲೆ ಇಳಿದದ್ದಕ್ಕೆ ಅದೂ ಒಂದು ಕಾರಣವೆಂದು ಮಾರುವವನು ಹೇಳಿರಲಿಲ್ಲ. ದೆಹಲಿಯ ನಂಬರಿನ ಅಗ್ಗದ ಕಾರುಗಳೂ ದಕ್ಷಿಣಕ್ಕೆ ಬಂದಿವೆ, ಅಲ್ಲಿನ ಆರ್.ಟಿ.ಓ.ದ ನಿರಾಕ್ಷೇಪಣಾ ಪತ್ರವಿಲ್ಲದೆ, ಇಲ್ಲಿನ ತೆರಿಗೆ ಕಟ್ಟದೆ ಅವು ಕರ್ನಾಟಕದ ಕಾರುಗಳಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರು. ನಮ್ಮ ಮಠದ ಹಳೆಯ ವಿದ್ಯಾರ್ಥಿ, ನಿವೃತ್ತ ಶಿಕ್ಷಕರೊಬ್ಬರು, ವರ್ಷಗಳ ಹಿಂದೆ ತಮ್ಮ ಕಾರನ್ನು ಪಕ್ಕದ ಊರಿನ ಯುವಕನಿಗೆ ಮಾರಿದರು. ಹಣ ಬಂತು, ಕಾಗದಗಳಿಗೆ ಸಹಿ ಹಾಕಿಕೊಟ್ಟರು, "ನಾಳೆ ಹೆಸರು ಮಾಡಿಸಿಕೊಳ್ಳುತ್ತೇನೆ ಮೇಷ್ಟ್ರೇ" ಎಂದ ಅವನ ಮಾತು ನಂಬಿದರು. ಆ ನಾಳೆ ಬರಲಿಲ್ಲ. ಆ ಕಾರು ಒಂದು ರಾತ್ರಿ ಸೈಕಲ್ ಸವಾರನೊಬ್ಬನಿಗೆ ಬಡಿಯಿತು. ವಿಮೆಯ ಅವಧಿ ಮುಗಿದುಹೋಗಿತ್ತು. ನ್ಯಾಯಾಲಯದ ನೋಟೀಸು ಬಂದದ್ದು ಮೇಷ್ಟ್ರ ಮನೆಗೆ. ಅದನ್ನು ಹಿಡಿದು ಅವರು ನಮ್ಮ ಮುಂದೆ ಕುಳಿತಾಗ ಕೈ ನಡುಗುತ್ತಿತ್ತು. ಜೀವನದಲ್ಲಿ ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತದವರು. "ನಾನು ಮಾರಿಬಿಟ್ಟಿದ್ದೆನಲ್ಲ ಬುದ್ಧಿ" ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಆದರೆ ಕಾನೂನಿನ ದೃಷ್ಟಿ ಬೇರೆ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕರಣದ ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು. ಹೊಣೆ ಮಾತ್ರ ಮೊದಲನೆಯವರ ತಲೆಯ ಮೇಲೆಯೇ ಉಳಿದಿತ್ತು.

ಆದುದರಿಂದ 29 ಮತ್ತು 30ನೆಯ ನಮೂನೆಗಳು ಸಹಿಯಾಗಿ ಜೇಬಿನಲ್ಲಿದ್ದರೆ ಸಾಲದು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನಗಳೊಳಗೆ, ಕೊಂಡವರು ಮೂವತ್ತು ದಿನಗಳೊಳಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮು ವಿಧಿಸುತ್ತದೆ. ವಿಮೆಯನ್ನು ತನ್ನ ಹೆಸರಿಗೆ ಮಾಡಿಕೊಡಲು ಕೊಂಡವನು ಹದಿನಾಲ್ಕು ದಿನಗಳಲ್ಲಿ ಅರ್ಜಿ ಕೊಡಬೇಕು. ಕೊಡದಿದ್ದರೆ ಕಾರು ಜಖಂ ಆದ ದಿನ ವಿಮಾ ಕಂಪನಿ, ನೀನಾರೋ ನಮಗೆ ತಿಳಿಯದು ಎನ್ನುತ್ತದೆ.

ಆ ಹುಡುಗನನ್ನು ಹತ್ತಿರ ಕರೆದು ಇನ್ನೊಂದು ಮಾತನ್ನೂ ಕೇಳಿದೆವು: "ಲೈಸೆನ್ಸ್ ಬಂದು ಎಷ್ಟು ದಿನವಾಯಿತು?" "ಆರು ತಿಂಗಳು ಬುದ್ಧಿ." ಆರು ತಿಂಗಳ ಚಾಲಕನಿಗೆ ಹದಿನೈದು ವರ್ಷದ ಕಾರು! ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಬ್ರೇಕಿನ ವ್ಯವಸ್ಥೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಚಾಲಕನ ಏರ್‌ಬ್ಯಾಗು ಅದೇ ವರ್ಷದ ಜುಲೈಯಲ್ಲಿ. ಅದಕ್ಕೆ ಹಿಂದಿನ ಅಗ್ಗದ ಕಾರುಗಳಲ್ಲಿ ಬಹುಪಾಲಿಗೆ ಇವೆರಡೂ ಇಲ್ಲ. ಕೈ ಪಳಗದವನಿಗೇ ರಕ್ಷಣೆ ಕಡಿಮೆಯಿರುವ ವಾಹನ ದೊರೆಯುವುದು ಬಡತನದ ಒಂದು ಕ್ರೂರ ಲೆಕ್ಕ. ನಮ್ಮ ಸೀಮೆಯ ರಸ್ತೆಗಳೋ! ಕಬ್ಬು ಅರೆಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರೇಲರುಗಳು ರಾತ್ರಿ ರಸ್ತೆಯ ಮೇಲೆ ಗೋಡೆಯಂತೆ ನಿಂತಿರುತ್ತವೆ. ನಾಲೆಯ ಏರಿಗಳಿಗೆ ಎಷ್ಟೋ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ ಮೂವತ್ತು ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ಇಂತಹ ರಸ್ತೆಯಲ್ಲಿ ಬ್ರೇಕು ಮತ್ತು ಟೈರಿನ ಮುಂದೆ ಹಾಡಿನ ಪೆಟ್ಟಿಗೆ ಯಾವ ಲೆಕ್ಕ? ಕೈಯಲ್ಲಿರುವುದನ್ನೆಲ್ಲ ಬೆಲೆಗೇ ಸುರಿಯದೆ ಐದನೆಯ ಒಂದು ಭಾಗವನ್ನಾದರೂ ಇವೆರಡಕ್ಕಾಗಿ ಉಳಿಸಿಕೋ ಎಂದೆವು.

ಇಲ್ಲೊಂದು ವಿನೋದವನ್ನು ಹೇಳದೆ ಮುಂದುವರಿಯಲಾರೆವು. ಈಗಿನ ಪೆಟ್ರೋಲಿನಲ್ಲಿ ಶೇಕಡಾ ಇಪ್ಪತ್ತರಷ್ಟು ಎಥನಾಲ್ ಬೆರೆಸುತ್ತಾರೆ. ಅದರಲ್ಲಿ ನಮ್ಮ ಕಬ್ಬಿನ ಪಾಲೂ ಉಂಟು. ಅದಕ್ಕಾಗಿ ರೂಪಿಸದ ಹಳೆಯ ಕಾರಿನಲ್ಲಿ ಮೈಲೇಜು ಇಳಿಯುತ್ತದೆ, ಇಂಧನದ ರಬ್ಬರು ಕೊಳವೆಗಳನ್ನು ಆಗಾಗ ಪರೀಕ್ಷಿಸಬೇಕಾಗುತ್ತದೆ. ರೈತ ಬೆಳೆದದ್ದೇ ರೈತನ ಕಾರನ್ನು ತಿನ್ನುವುದೆಂದರೆ!

ಒಳ್ಳೆಯ ದಿನವನ್ನು ನಾವು ಅಂದು ಹೇಳಲಿಲ್ಲ. ತಂದೆಮಗ ಮದ್ದೂರಿನ ಮೆಕ್ಯಾನಿಕ್ ಒಬ್ಬರನ್ನು ಕೂಲಿ ಕೊಟ್ಟು ಕರೆದುಕೊಂಡು ಮತ್ತೆ ಬೆಂಗಳೂರಿಗೆ ಹೋದರು. ಹಾಸು ಎತ್ತಿ ಮೂಸಿ ನೋಡಿದವರು ಮೆಕ್ಯಾನಿಕ್ ಅಲ್ಲ, ತಂದೆ. "ಗದ್ದೆ ವಾಸನೆ ಬುದ್ಧಿ" ಎಂದರು ನಮ್ಮೊಡನೆ. ಮುಂಗಡದಲ್ಲಿ ಅರ್ಧ ಮಾತ್ರ ಹಿಂದಕ್ಕೆ ಬಂತು. ಮೂರು ತಿಂಗಳ ಮೇಲೆ ಮಳವಳ್ಳಿಯಲ್ಲಿ ಒಬ್ಬರ ಕೈಯಲ್ಲೇ ಇದ್ದ 2014ರ ಕಾರು ಸಿಕ್ಕಿತು. ಇಪ್ಪತ್ತು ಸಾವಿರ ಹೆಚ್ಚು ಬಿತ್ತು. ಟೈರಿಗೆಂದು ಉಳಿಸಿದ್ದ ಹಣದಲ್ಲಿ ಅಷ್ಟು ಕರಗಿದ್ದರಿಂದ ಮೊದಲು ಎರಡು ಟೈರು, ಮುಂದಿನ ಬಟವಾಡೆ ಬಂದ ಮೇಲೆ ಇನ್ನೆರಡು ಹಾಕಿಸಿದರು. ಆರ್.ಸಿ. ಹುಡುಗನ ಹೆಸರಿಗೆ ಬಂದಿದೆ. ಹಿಂದಿನ ಸೀಟಿನಲ್ಲಿ ಕುಳಿತು ಬೆಲ್ಟು ಕಟ್ಟಿಕೊಳ್ಳುವುದು ಮಾತ್ರ ತಂದೆಗೆ ಇನ್ನೂ ಒಗ್ಗಿಲ್ಲ. ಎತ್ತಿಗೆ ಮೂಗುದಾರ ಹಾಕಿದಂತಾಗುತ್ತದೆ ಎನ್ನುತ್ತಾರೆ. ಅವರು ಕಟ್ಟಿಕೊಳ್ಳುವವರೆಗೆ ಮಗ ಕಾರನ್ನು ಹೊರಡಿಸುವುದಿಲ್ಲವಂತೆ.